ಇಂಗ್ಲೀಷಿನ ಪದಸಂಪತ್ತಿಗೆ ಚೀಕಲಪರ್ವಿಯ ದಾರಿ

ಪರೀಕ್ಷೆಯ ದಿನಗಳಲ್ಲಿ ಮಾನ್ವಿಯ ಅಥವಾ ದೇವದುರ್ಗದ ಬಸ್ಸು ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತವರಿಗೆ ಒಂದು ದೃಶ್ಯವು ಕಣ್ಣಿಗೆ ಬೀಳದೆ ಇರದು. ತರುಣನೊಬ್ಬನು ಕಿರುಹೊತ್ತಗೆಯೊಂದನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ತುಟಿಯಾಡಿಸುತ್ತಿರುತ್ತಾನೆ. ಅದು ಸ್ತೋತ್ರವಲ್ಲ, ಇಂಗ್ಲೀಷು ಪದಗಳ ಪಟ್ಟಿ. ಎಡಕ್ಕೆ ಪದ, ಬಲಕ್ಕೆ ಕನ್ನಡದ ಅರ್ಥ. ಇಂದು ಐವತ್ತು, ನಾಳೆ ಐವತ್ತು. ಹೀಗೆ ಸಾವಿರ ಪದಗಳನ್ನು ಬಾಯಿಪಾಠ ಮಾಡಿದ ಅದೇ ತರುಣನಿಗೆ, ತನ್ನ ಊರಿನ ಕುಡಿಯುವ ನೀರಿನ ವಿಷಯವಾಗಿ ಮೇಲಧಿಕಾರಿಗಳಿಗೆ ಇಂಗ್ಲೀಷಿನಲ್ಲಿ ನಾಲ್ಕು ಸಾಲು ಬರೆಯೆಂದರೆ ಕೈ ಓಡುವುದಿಲ್ಲ. ಪದಗಳಿವೆ, ಭಾಷೆಯಿಲ್ಲ. ಸಂದರ್ಶನದ ಕೋಣೆಯಿಂದ ತಲೆ ತಗ್ಗಿಸಿ ಹೊರಬರುವ ಈ ಸೀಮೆಯ ಮಕ್ಕಳ ಸಂಖ್ಯೆ ಸಣ್ಣದಲ್ಲ. ಅವರ ಬುದ್ಧಿಯಲ್ಲಾಗಲಿ ಶ್ರಮದಲ್ಲಾಗಲಿ ಕೊರತೆಯಿಲ್ಲವೆಂದೂ, ಅವರಿಗೆ ತೋರಿಸಿದ ದಾರಿಯೇ ತಪ್ಪಾಗಿದೆಯೆಂದೂ ನಾವು ನಂಬುತ್ತೇವೆ.

ಪರಭಾಷೆಯನ್ನು ಕಲಿಯುವುದು ಈ ಸೀಮೆಗೆ ಹೊಸತಲ್ಲ. ೧೯೪೮ರ ಸೆಪ್ಟೆಂಬರಿನವರೆಗೆ ರಾಯಚೂರು ಜಿಲ್ಲೆಯು ನಿಜಾಮರ ಆಳಿಕೆಯಲ್ಲಿತ್ತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಅದರ ಮೇಲೆ ಇಂಗ್ಲೀಷು, ಹೀಗೆ ಮೂರು ಮೆಟ್ಟಿಲುಗಳನ್ನು ಹತ್ತಿದವನಿಗೆ ಮಾತ್ರ ಉನ್ನತ ವಿದ್ಯೆಯ ಬಾಗಿಲು ತೆರೆಯುತ್ತಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನು ಬೋಧನಮಾಧ್ಯಮವನ್ನಾಗಿ ಮಾಡಿಕೊಂಡಿದ್ದರೂ ಇಂಗ್ಲೀಷನ್ನು ಕಡ್ಡಾಯ ವಿಷಯವಾಗಿ ಉಳಿಸಿಕೊಂಡಿತ್ತು. ೧೯೫೬ರ ನವೆಂಬರ್ ೧ರಂದು ಜಿಲ್ಲೆಯು ಕನ್ನಡ ನಾಡಿನೊಡನೆ ಒಂದಾಯಿತು. ೨೦೦೭ರಿಂದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲೀಷು ಒಂದು ವಿಷಯವಾಗಿ ಸೇರಿತು. ಅಂದರೆ ಹತ್ತನೆಯ ತರಗತಿಯನ್ನು ಮುಗಿಸುವ ಬಾಲಕನು ಈಗ ಹತ್ತು ವರ್ಷ ಇಂಗ್ಲೀಷು ಓದಿರುತ್ತಾನೆ. ಆದರೂ ಪಾಠದ ಪುಸ್ತಕವನ್ನು ಬಿಟ್ಟು ಒಂದಾದರೂ ಇಂಗ್ಲೀಷು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ನೂರರಲ್ಲಿ ಎಷ್ಟು ಮಂದಿ ಎಂಬುದನ್ನು ವಾಚಕರು ತಮ್ಮ ಮನೆಯ ಮಕ್ಕಳನ್ನೇ ಕೇಳಿ ನೋಡಬಹುದು.

ಹಾಗಾದರೆ ಸರಿಯಾದ ದಾರಿ ಯಾವುದು? ಅದನ್ನು ಹುಡುಕಿಕೊಂಡು ಲಂಡನ್ನಿಗೆ ಹೋಗಬೇಕಾಗಿಲ್ಲ. ಮಾನ್ವಿ ತಾಲೂಕಿನಲ್ಲಿ ತುಂಗಭದ್ರೆಯ ದಡದ ಮೇಲಿರುವ ಚೀಕಲಪರ್ವಿಯವರೆಗೆ ಹೋದರೆ ಸಾಕು. ೧೬೮೨ರಲ್ಲಿ ಹುಟ್ಟಿ ೧೭೫೫ರಲ್ಲಿ ತೀರಿಕೊಂಡ ವಿಜಯದಾಸರ ಊರು ಅದು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಆ ಪರಂಪರೆಯಲ್ಲಿಯೇ ಬಂದ ಜಗನ್ನಾಥದಾಸರು ಮಾನ್ವಿಯಲ್ಲಿ ನೆಲೆಸಿದವರು. ಈ ಮಹನೀಯರ ಪದಗಳನ್ನೂ ಸುಳಾದಿಗಳನ್ನೂ ಹಾಡುತ್ತ ಬಂದ ಹಳ್ಳಿಗಳಲ್ಲಿ, ಅಕ್ಷರವನ್ನೇ ಕಾಣದ ಮುದುಕಿಯೂ ತನ್ನ ದಿನದ ಮಾತಿನಲ್ಲಿ ವೈರಾಗ್ಯ, ಅನುಗ್ರಹ, ಅಭಿಮಾನ, ಅಪರಾಧ ಎಂಬ ಪದಗಳನ್ನು ತಪ್ಪಿಲ್ಲದೆ ಆಡುತ್ತಾಳೆ. ಇವು ಸಂಸ್ಕೃತದಿಂದ ಬಂದ ಕಠಿಣ ಪದಗಳು. ಅವಳಿಗೆ ಇವುಗಳ ಅರ್ಥದ ಪಟ್ಟಿಯನ್ನು ಯಾರು ಕೊಟ್ಟರು? ಯಾರೂ ಕೊಡಲಿಲ್ಲ. ಭಜನೆಯಲ್ಲಿ ಕುಳಿತು ಒಂದೇ ಪದವನ್ನು ಬೇರೆ ಬೇರೆ ಹಾಡುಗಳಲ್ಲಿ, ಬೇರೆ ಬೇರೆ ಭಾವಗಳ ನಡುವೆ ಹತ್ತಾರು ಸಲ ಕೇಳಿದಳು. ಒಂದು ಹಾಡಿನಲ್ಲಿ ಅರ್ಧ ತಿಳಿದದ್ದು ಇನ್ನೊಂದರಲ್ಲಿ ಪೂರ್ಣವಾಯಿತು. ಪದವು ತನ್ನ ನೆಂಟರಿಷ್ಟರೊಡನೆ ಅವಳ ಮನೆಗೆ ಬಂದಿತು. ಆದುದರಿಂದ ಅಲ್ಲಿಯೇ ನಿಂತಿತು. ಪಟ್ಟಿಯ ಪದವಾದರೋ ಒಂಟಿಯಾಗಿ ಬರುತ್ತದೆ. ಪರೀಕ್ಷೆ ಮುಗಿದ ಮರುದಿನವೇ ಹೊರಟುಹೋಗುತ್ತದೆ.

ನುಡಿಗಟ್ಟುಗಳ ವಿಷಯದಲ್ಲಿ ಈ ಮಾತು ಮತ್ತಷ್ಟು ನಿಜ. ನಮ್ಮ ‘ಕೈ’ ಎಂಬ ಪದವನ್ನೇ ನೋಡಿರಿ. ಕೈ ಹಿಡಿದನು ಎಂದರೆ ಕಾಪಾಡಿದನು ಅಥವಾ ಮದುವೆಯಾದನು. ಕೈ ಕೊಟ್ಟನು ಎಂದರೆ ಮೋಸ ಮಾಡಿದನು. ಕೈ ಬಿಟ್ಟನು, ಕೈ ತೊಳೆದುಕೊಂಡನು ಎಂಬುವಕ್ಕೆ ಬೇರೆ ಬೇರೆ ಅರ್ಥ. ಕೈಯ ಅರ್ಥವನ್ನು ಕೋಶದಲ್ಲಿ ನೋಡಿಕೊಂಡ ಪರದೇಶದವನು ಇವುಗಳಲ್ಲಿ ಒಂದನ್ನಾದರೂ ಊಹಿಸಬಲ್ಲನೆ? ಇಂಗ್ಲೀಷಿನ ‘ಪುಟ್’ ಎಂಬ ಸಣ್ಣ ಪದವೂ ಇಂಥದೇ. ಪುಟ್ ಆಫ್ ಎಂದರೆ ಮುಂದಕ್ಕೆ ಹಾಕು, ಪುಟ್ ಔಟ್ ಎಂದರೆ ಆರಿಸು, ಪುಟ್ ಅಪ್ ವಿತ್ ಎಂದರೆ ಸಹಿಸಿಕೊ. ಇನ್ನು ಪದಗಳ ಜೋಡಿಯ ಮಾತು. ನಮ್ಮ ಜಿಲ್ಲೆಯವರು ರಣಬಿಸಿಲು ಎನ್ನುತ್ತಾರೆ, ರಣಮಳೆ ಎನ್ನುವುದಿಲ್ಲ. ಜಡಿಮಳೆ ಎನ್ನುತ್ತಾರೆ, ಜಡಿಬಿಸಿಲು ಎನ್ನುವುದಿಲ್ಲ. ಇದಕ್ಕೆ ವ್ಯಾಕರಣದ ಸೂತ್ರವಿಲ್ಲ; ಕಿವಿಯೇ ಪ್ರಮಾಣ. ಹಾಗೆಯೇ ಇಂಗ್ಲೀಷಿನವನು ಚಹಕ್ಕೆ ಸ್ಟ್ರಾಂಗ್ ಎನ್ನುತ್ತಾನೆ, ಮಳೆಗೆ ಹೆವಿ ಎನ್ನುತ್ತಾನೆ. ಅದಲುಬದಲು ಮಾಡಿದರೆ ನಗುತ್ತಾನೆ. ಆ ಭಾಷೆಯನ್ನಾಡುವವರ ನಡುವೆ ಬೆಳೆಯದವನಿಗೆ ಅಂಥ ಕಿವಿಯನ್ನು ಕೊಡುವುದು ಸಾಹಿತ್ಯದ ಓದೊಂದೇ.

ಇದನ್ನು ಶಾಸ್ತ್ರೀಯವಾಗಿ ಮೊದಲು ಕಂಡುಕೊಂಡವರಲ್ಲಿ ಒಬ್ಬನು ನಮ್ಮ ದೇಶದ ಶಾಲೆಗಳಲ್ಲಿಯೇ ದುಡಿದವನು. ಢಾಕೆಯಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೆಲ್ ವೆಸ್ಟ್ ಎಂಬಾತನು ೧೯೨೦ರ ದಶಕದಲ್ಲಿ ಬಂಗಾಳದ ಬಾಲಕರಿಗೆ ಮಾತಿಗಿಂತ ಮೊದಲು ಓದನ್ನು ಕಲಿಸಬೇಕೆಂದು ವಾದಿಸಿ, ಹೊಸ ಪದಗಳು ವಿರಳವಾಗಿ ಬಂದು ಮತ್ತೆ ಮತ್ತೆ ಕಾಣಿಸಿಕೊಳ್ಳುವಂಥ ವಾಚನಪುಸ್ತಕಗಳನ್ನು ರಚಿಸಿದನು. ೧೯೫೩ರಲ್ಲಿ ಅವನು ಪ್ರಕಟಿಸಿದ ಸುಮಾರು ೨,೦೦೦ ಮುಖ್ಯ ಪದಗಳ ಸಂಗ್ರಹವು ಲೋಕಪ್ರಸಿದ್ಧವಾಯಿತು. ಇತ್ತೀಚೆಗೆ ನ್ಯೂಜಿಲೆಂಡಿನ ಪಾಲ್ ನೇಷನ್ ಎಂಬ ವಿದ್ವಾಂಸನು ೨೦೦೬ರಲ್ಲಿ ಒಂದು ಗಣನೆಯನ್ನು ಮುಂದಿಟ್ಟನು. ಪುಟದಲ್ಲಿಯ ನೂರು ಪದಗಳಲ್ಲಿ ೯೮ ತಿಳಿದಿದ್ದರೆ ಮಾತ್ರ ಪರರ ನೆರವಿಲ್ಲದೆ ಓದು ಸಾಗುವುದೆಂದು ಇಟ್ಟುಕೊಂಡರೆ, ಇಂಗ್ಲೀಷು ಕಾದಂಬರಿಯ ಓದಿಗೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕಾಗುತ್ತವೆ. ಒಂದು ಮೂಲಪದವೂ ಅದರಿಂದ ಹುಟ್ಟಿದ ರೂಪಗಳೂ ಸೇರಿ ಒಂದು ಕುಟುಂಬ. ದಿನಕ್ಕೆ ಐದರಂತೆ ಬಾಯಿಪಾಠ ಮಾಡಿದರೂ, ಒಂದನ್ನೂ ಮರೆಯದಿದ್ದರೂ, ಇದಕ್ಕೆ ಐದು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಮರೆಯದೆ ಇರುವ ಮನುಷ್ಯನು ಎಲ್ಲಿದ್ದಾನೆ?

ಈ ಲೆಕ್ಕದಿಂದ ನಮ್ಮ ತರುಣರಿಗೆ ಒಂದು ಸುಲಭ ಸೂತ್ರವು ದೊರೆಯುತ್ತದೆ. ಕೈಗೆ ಬಂದ ಪುಸ್ತಕದ ಒಂದು ಪುಟವನ್ನು ಓದಿರಿ. ಪುಟದಲ್ಲಿ ಮುನ್ನೂರು ಪದಗಳಿದ್ದರೆ ಅವುಗಳಲ್ಲಿ ತಿಳಿಯದವು ಆರೇಳು ಇರಬಹುದು. ಇಪ್ಪತ್ತು ಇದ್ದರೆ ಆ ಪುಸ್ತಕವನ್ನು ಸಂಕೋಚವಿಲ್ಲದೆ ಕೆಳಗಿರಿಸಿ ಅದಕ್ಕಿಂತ ಸುಲಭವಾದುದನ್ನು ಎತ್ತಿಕೊಳ್ಳಿರಿ. ಮೊದಲ ದಿನವೇ ಷೇಕ್ಸ್‌ಪಿಯರನನ್ನು ಹಿಡಿದು ಮೂರನೆಯ ದಿನ ಬಿಟ್ಟವರು ಬಹಳ ಮಂದಿ. ಮಕ್ಕಳಿಗಾಗಿ ಸಂಗ್ರಹಿಸಿದ ಕಥೆಗಳಿಂದ ಹೊರಡುವುದರಲ್ಲಿ ಅವಮಾನವೇನೂ ಇಲ್ಲ.

ಅಲ್ಲಿಂದ ಮುಂದೆ ಯಾವುದನ್ನು ಓದಬೇಕು? ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ (೧೯೩೫) ತಿಳಿಯಾದ ಇಂಗ್ಲೀಷಿಗೆ ಒಳ್ಳೆಯ ಮಾದರಿ. ಈ ನಾರಾಯಣರು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ, ಒಂದು ವರ್ಷ ಮನೆಯಲ್ಲಿದ್ದು ಓದುತ್ತ ಬರೆಯುತ್ತ ಕಳೆದು, ೧೯೨೬ರಲ್ಲಿ ತೇರ್ಗಡೆಯಾದವರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಹಾಸನದಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಓದಿದ ರಾಜಾರಾಯರ ‘ಕಾಂತಾಪುರ’ (೧೯೩೮) ಕನ್ನಡ ಹಳ್ಳಿಯ ಬದುಕನ್ನೇ ಇಂಗ್ಲೀಷಿನಲ್ಲಿ ನಡೆಸಿದೆ. ಅದು ಎರಡನೆಯ ಮೆಟ್ಟಿಲು. ಮಹಾದೇವ ದೇಸಾಯಿಯವರು ಇಂಗ್ಲೀಷಿಗೆ ತಂದ ಗಾಂಧೀಜಿಯವರ ಆತ್ಮಕಥೆಯೂ, ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ಲನ ‘ಅನಿಮಲ್ ಫಾರ್ಮ್’ (೧೯೪೫) ಎಂಬ ಕಿರುಕಾದಂಬರಿಯೂ ಆಡಂಬರವಿಲ್ಲದ ಗದ್ಯಕ್ಕೆ ನಿದರ್ಶನಗಳು. ಸಣ್ಣ ಪದವು ಸಾಕಾಗುವಲ್ಲಿ ದೊಡ್ಡ ಪದವನ್ನು ಹಾಕಬಾರದೆಂದು ಇದೇ ಆರ್ವೆಲ್ಲನು ೧೯೪೬ರ ಒಂದು ಪ್ರಬಂಧದಲ್ಲಿ ವಾದಿಸಿದ್ದಾನೆ. ಕಡತಗಳಲ್ಲಿ ‘ಡೂ ದಿ ನೀಡ್‌ಫುಲ್’ ಎಂಬಂಥ ಹಳಸಿದ ಒಕ್ಕಣೆಯನ್ನು ತಲೆಮಾರುಗಳಿಂದ ನಕಲು ಮಾಡುತ್ತ ಬಂದಿರುವ ನಮ್ಮ ಅಧಿಕಾರಿವರ್ಗಕ್ಕೂ ಈ ಮಾತು ಹಿತವಾದೀತು.

ನುಡಿಗಟ್ಟಿನ ಹುಟ್ಟುಮನೆಯನ್ನು ಕಂಡವನಿಗೆ ಅದು ಮರೆಯುವುದಿಲ್ಲ. ‘ಪೌಂಡ್ ಆಫ್ ಫ್ಲೆಶ್’ ಎಂಬುದನ್ನು ನಿರ್ದಯವಾದ ವಸೂಲಿ ಎಂದು ಪಟ್ಟಿಯಲ್ಲಿ ಓದಿದವನು ನಾಳೆ ಮರೆಯುತ್ತಾನೆ. ‘ವೆನಿಸಿನ ವರ್ತಕ’ ನಾಟಕದಲ್ಲಿ ಸಾಲ ಕೊಟ್ಟವನು ಪತ್ರದಲ್ಲಿ ಬರೆದಂತೆ ಸಾಲಗಾರನ ಮೈಯ ಮಾಂಸವನ್ನೇ ತೂಕ ಮಾಡಿ ಕೇಳುವ ಪ್ರಸಂಗವನ್ನು ಓದಿದವನು, ಅದರಲ್ಲಿಯೂ ಸಾವಕಾರನ ಬಡ್ಡಿಯ ಬಿಸಿಯನ್ನು ಮನೆಯಲ್ಲಿಯೇ ಕಂಡ ರೈತನ ಮಗನು, ಅದನ್ನು ಜನ್ಮದಲ್ಲಿ ಮರೆಯನು. ನಂಬಿಕೆಯ ಸೇವಕನಿಗೆ ‘ಮ್ಯಾನ್ ಫ್ರೈಡೇ’ ಎನ್ನುವುದು ೧೭೧೯ರ ‘ರಾಬಿನ್ಸನ್ ಕ್ರೂಸೋ’ದಿಂದ, ಜಿಪುಣನಿಗೆ ‘ಸ್ಕ್ರೂಜ್’ ಎನ್ನುವುದು ೧೮೪೩ರಲ್ಲಿ ಡಿಕನ್ಸನು ಬರೆದ ಕ್ರಿಸ್‌ಮಸ್ಸಿನ ಕಥೆಯಿಂದ. ಇಂಥ ಹಳೆಯ ಕೃತಿಗಳು ೧೯೭೧ರಲ್ಲಿ ಆರಂಭವಾದ ಗುಟೆನ್‌ಬರ್ಗ್ ಯೋಜನೆಯ ಮೂಲಕ ಇಂದು ಮೊಬೈಲಿನಲ್ಲಿಯೂ ಬಿಟ್ಟಿಯಾಗಿ ದೊರೆಯುತ್ತವೆ. ಆದರೆ ಹಳೆಯ ಕೃತಿಯಲ್ಲಿ ಕಂಡ ಪದವೆಲ್ಲವೂ ಇಂದಿನ ಬಳಕೆಗೆ ಸಲ್ಲದು. ಒಂದು ಪದವು ಈ ಕಾಲದ ಬರವಣಿಗೆಯಲ್ಲಿಯೂ ಎದುರಾಗುವವರೆಗೆ ಅದನ್ನು ತಿಳಿದಿರಬೇಕೇ ಹೊರತು ಪ್ರಯೋಗಿಸಬಾರದು.

ಓದುವ ಕ್ರಮವನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ತಿಳಿಯದ ಪದ ಬಂದೊಡನೆ ಕೋಶಕ್ಕೆ ಓಡಬಾರದು. ಮೊದಲು ಸಂದರ್ಭದಿಂದ ಊಹಿಸಿ, ಪ್ರಕರಣವು ಮುಗಿದ ಮೇಲೆ ಕೋಶವನ್ನು ತೆರೆಯಬೇಕು. ಟಿಪ್ಪಣಿಯಲ್ಲಿ ಪದವನ್ನಷ್ಟೇ ಅಲ್ಲ, ಅದು ಬಂದ ಇಡೀ ವಾಕ್ಯವನ್ನು ಬರೆದುಕೊಂಡು, ಕೆಳಗೆ ತನ್ನ ಊರಿನ ವಿಷಯವಾಗಿ ಅದೇ ಪದವುಳ್ಳ ಒಂದು ವಾಕ್ಯವನ್ನು ತಾನೇ ಕಟ್ಟಬೇಕು. ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ ಓದಬೇಕು. ಕೊನೆಗೆ, ಓದಿದ ಕಥೆಯನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಬೇಕು. ಕನ್ನಡದಲ್ಲಿ ಹೇಳಲು ಬಾರದಿದ್ದರೆ ಇಂಗ್ಲೀಷಿನಲ್ಲಿ ತಿಳಿಯಲಿಲ್ಲವೆಂದೇ ಅರ್ಥ. ೧೯೩೪ರಲ್ಲಿ ರಾಯಚೂರಿನಲ್ಲಿಯೇ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷರಾಗಿದ್ದ ಪಂಜೆ ಮಂಗೇಶರಾಯರು ಇಂಗ್ಲೀಷಿನಲ್ಲಿ ಸವಿದುದನ್ನು ಕನ್ನಡದ ಮಕ್ಕಳ ನಾಲಗೆಗೆ ಹೊಂದಿಸಿ ಕೊಟ್ಟವರು. ಅವರಿಗೆ ಎರಡು ಭಾಷೆಗಳೂ ಒಂದಕ್ಕೊಂದು ಊರೆಯಾದುವು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಪುಸ್ತಕವೆಲ್ಲಿ? ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಮೇರೆಗೆ ಗ್ರಂಥಾಲಯ ಕರವು ವಸೂಲಾಗುತ್ತಿದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ವೆಂಬ ಸೊಗಸಾದ ಹೆಸರೂ ಬಂದಿದೆ. ಸ್ಪರ್ಧಾಪರೀಕ್ಷೆಗಳ ಮಾರ್ಗದರ್ಶಿಗಳ ಪಕ್ಕದಲ್ಲಿಯೇ ಸುಲಭವಾದ ಇಂಗ್ಲೀಷು ಕಥೆಗಳ ನೂರು ಪುಸ್ತಕಗಳನ್ನು ಅಲ್ಲಿ ಇರಿಸುವುದು, ವಾರಕ್ಕೊಂದು ಸಂಜೆ ಉಪಾಧ್ಯಾಯರೊಬ್ಬರು ಅವುಗಳಲ್ಲಿ ಒಂದನ್ನು ಗಟ್ಟಿಯಾಗಿ ಓದಿ ಹೇಳುವುದು, ಇವು ಭಾರಿ ವೆಚ್ಚದ ಕೆಲಸಗಳಲ್ಲ. ಭಜನೆಯ ಕಟ್ಟೆಗಳುಳ್ಳ ಈ ನಾಡಿಗೆ ಕೂಡಿ ಕುಳಿತು ಕೇಳುವ ಅಭ್ಯಾಸವನ್ನು ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ.

ಜಗನ್ನಾಥದಾಸರ ವಿಷಯವಾಗಿ ಮಾನ್ವಿಯಲ್ಲಿ ಒಂದು ಐತಿಹ್ಯವುಂಟು. ಸಂಸ್ಕೃತದಲ್ಲಿ ದೊಡ್ಡ ಪಂಡಿತರಾಗಿದ್ದ ಅವರು ಮೊದಲು ಕನ್ನಡದ ಹಾಡುಗಳನ್ನು ಹಗುರಾಗಿ ಕಂಡು ವಿಜಯದಾಸರ ಕರೆಯನ್ನೇ ತಿರಸ್ಕರಿಸಿದರಂತೆ. ಆಮೇಲೆ ಪಶ್ಚಾತ್ತಾಪಗೊಂಡು, ತಮ್ಮ ವಿದ್ಯೆಯನ್ನೆಲ್ಲ ಕನ್ನಡಕ್ಕೇ ಧಾರೆಯೆರೆದು ‘ಹರಿಕಥಾಮೃತಸಾರ’ವನ್ನು ರಚಿಸಿದರಂತೆ. ಇಂಗ್ಲೀಷನ್ನು ಚೆನ್ನಾಗಿ ಕಲಿಯಬಯಸುವ ತರುಣರು ಈ ಕಥೆಯನ್ನು ಮರೆಯದಿರಲಿ. ಅವರು ಕಲಿತ ಇಂಗ್ಲೀಷು ನೆರೆಮನೆಯವರನ್ನು ಅಂಜಿಸುವುದಕ್ಕಲ್ಲ. ಊರಿನ ನೀರಿನ ಅರ್ಜಿಯನ್ನು ಮೇಲಿನವರು ಓದಿ ಒಪ್ಪುವಂತೆ ಬರೆಯುವುದಕ್ಕೆ ಉಪಯೋಗವಾಗಲಿ. ಬಸ್ಸು ನಿಲ್ದಾಣದ ಆ ತರುಣನ ಕೈಯಲ್ಲಿ ಮುಂದಿನ ವರ್ಷ ಪಟ್ಟಿಯ ಬದಲು ಒಂದು ಕಥೆಯ ಪುಸ್ತಕವನ್ನು ಕಾಣುವಂತಾದರೆ, ಅದನ್ನು ಅಲ್ಲಿಗೆ ತಲುಪಿಸಿದ ಅಧಿಕಾರಿಗೂ ಉಪಾಧ್ಯಾಯನಿಗೂ ಈ ಸೀಮೆಯು ಋಣಿಯಾಗಿರುವುದು.