ಬೇಲಿಯಾಚೆಯ ಗುಡ್ಡವನ್ನೂ ನೋಡೋಣ

ತೋಟದೊಳಗಿನ ಏರುತಗ್ಗು ಪ್ರತಿಯೊಬ್ಬ ಬೆಳೆಗಾರನಿಗೂ ಗೊತ್ತು. ಆದರೆ ಮಳೆಗಾಲದಲ್ಲಿ ತೋಟಕ್ಕೆ ನುಗ್ಗುವ ನೀರು ಬೇಲಿಯಾಚೆಯ ಗುಡ್ಡದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಎಷ್ಟೋ ತೋಟಗಳು ಮಣ್ಣುಪಾಲಾದವು. ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಇದಕ್ಕೊಂದು ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಇಡೀ ಗುಡ್ಡವನ್ನು ಒಟ್ಟಿಗೆ ನೋಡುವ ಸಾಧನ ಈಗ ಸಣ್ಣ ಬೆಳೆಗಾರರಿಗೂ ದೊರೆಯುತ್ತದೆ.

ಎತ್ತರ ಅಳೆಯುವ ಬಗೆ

ಒಂದೇ ಜಾಗವನ್ನು ಎರಡು ಕೋನಗಳಿಂದ ನೋಡಿದರೆ ಅದರ ಎತ್ತರ ತಿಳಿಯುತ್ತದೆ. ನಮ್ಮ ಎರಡು ಕಣ್ಣುಗಳು ದೂರವನ್ನು ಅಂದಾಜು ಮಾಡುವುದೂ ಹೀಗೆಯೇ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿದ ಕಾರ್ಟೊಸ್ಯಾಟ್-1 ಉಪಗ್ರಹದಲ್ಲಿ ಇದಕ್ಕೆಂದೇ ಎರಡು ಕ್ಯಾಮೆರಾಗಳಿದ್ದವು. ಅದಕ್ಕೂ ಮುಂಚೆ, 2000ದ ಫೆಬ್ರವರಿಯಲ್ಲಿ, ಅಮೆರಿಕದ ಎಂಡೆವರ್ ನೌಕೆಯು 11 ದಿನಗಳಲ್ಲಿ ಭೂಮಿಯ ನೆಲಭಾಗದ ಸುಮಾರು ಶೇ. 80ರಷ್ಟನ್ನು ರೇಡಾರ್‌ನಿಂದ ಅಳೆದಿತ್ತು.

ನೆಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಒಂದು ಎತ್ತರವನ್ನು ನಮೂದಿಸಿದರೆ ಅದು ಅಂಕೀಯ ಭೂಮಾದರಿ. ಅದರ ಮೇಲೆ ಉಪಗ್ರಹ ಚಿತ್ರವನ್ನು ಹೊದಿಸಿದರೆ ಗುಡ್ಡ, ಕಣಿವೆಗಳು ಕಣ್ಣೆದುರು ಎದ್ದು ನಿಲ್ಲುತ್ತವೆ. ಇಸ್ರೋದ ‘ಭುವನ್’ ತಾಣದಲ್ಲಿ ಇಂಥ ಮಾಹಿತಿ ಉಚಿತವಾಗಿ ಸಿಗುತ್ತದೆ.

ಪ್ರಯೋಜನವೇನು?

ಅಕ್ಕಪಕ್ಕದ ಚೌಕಗಳ ಎತ್ತರ ಹೋಲಿಸಿದರೆ ಇಳಿಜಾರು ತಿಳಿಯುತ್ತದೆ. 30 ಮೀಟರ್ ದೂರಕ್ಕೆ 10 ಮೀಟರ್ ಇಳಿದರೆ ಅದು ಸುಮಾರು 18 ಡಿಗ್ರಿ. ಪ್ರತಿ ಚೌಕದ ನೀರು ಯಾವ ಕಡೆಗೆ ಇಳಿಯುವುದೆಂದು ಲೆಕ್ಕ ಹಾಕಿದರೆ ಹಳ್ಳದ ಜಾಡು ಮೂಡುತ್ತದೆ. ಬೇಸಿಗೆಯಲ್ಲಿ ಒಣಗಿ, ಪೊದೆ ಬೆಳೆದು ಮರೆಯಾದ ಹಳ್ಳವೂ ಅದರಲ್ಲಿ ಕಂಡೀತು. ಅಂಥ ಜಾಡಿನಲ್ಲಿ ಲೈನ್ ಮನೆಯನ್ನಾಗಲಿ, ಕೆರೆಯನ್ನಾಗಲಿ ಮಾಡದಿರುವುದು ಕ್ಷೇಮ.

ಮಿತಿಯನ್ನೂ ಅರಿಯಬೇಕು

ಉಚಿತವಾಗಿ ಸಿಗುವ ಮಾದರಿಯ ಚೌಕ ಸಾಮಾನ್ಯವಾಗಿ 30 ಮೀಟರ್ ಅಗಲದ್ದು. ಎಕರೆಗೆ ನಾಲ್ಕೂವರೆ ಚೌಕ. ಎರಡು ಎಕರೆ ತೋಟಕ್ಕೆ ಸಿಗುವುದು ಒಂಬತ್ತೇ ಅಂಕಿ! ಮನೆಯ ಹಿಂದಿನ ಧರೆ, ಅಡಿಕೆ ತೋಟದ ಬಸಿಗಾಲುವೆ ಇದರಲ್ಲಿ ಕಾಣಿಸವು. ಅಲ್ಲದೆ, ದಟ್ಟ ನೆರಳಿರುವ ಕಡೆ ಅಳತೆಗೆ ಸಿಗುವುದು ನೆಲವಲ್ಲ, ಹೆಚ್ಚಾಗಿ ಮರಗಳ ತಲೆ. ಎತ್ತರದ ಸಿಲ್ವರ್ ಓಕ್ ಸಾಲು ಮುಗಿದು ಗದ್ದೆ ಶುರುವಾಗುವಲ್ಲಿ ಇಲ್ಲದ ಧರೆಯೊಂದು ಇದ್ದಂತೆ ತೋರಬಹುದು.

ಆದುದರಿಂದ ಗುಡ್ಡವನ್ನು ಚಿತ್ರದಲ್ಲಿ ನೋಡಬೇಕು, ತೋಟವನ್ನು ಕಾಲಲ್ಲಿ ನಡೆದು ನೋಡಬೇಕು. ಒಂದೇ ಗುಡ್ಡದ ಮೇಲೂ ಕೆಳಗೂ ಇರುವ ಬೆಳೆಗಾರರು ಮುಂಗಾರಿಗೆ ಮುನ್ನ ಜೊತೆಗೂಡಿ ಈ ನಕ್ಷೆ ನೋಡುವುದು ಒಳ್ಳೆಯದು. ಮೇಲಿನವರು ತಿರುಗಿಸಿದ ನೀರು ಕೆಳಗಿನವರ ತೋಟಕ್ಕೇ ಇಳಿಯುತ್ತದಷ್ಟೆ.