ಲಾಭ ಎಲ್ಲಿಂದ ಬರಬೇಕು?



ವ್ಯಾಪಾರ ಮಾಡುವವರು ಮಠಕ್ಕೆ ಬಂದಾಗ ತುಸು ಸಂಕೋಚದಿಂದ ಕೂಡ್ರುವುದನ್ನು ನಾವು ಕಂಡಿದ್ದೇವೆ. ಲಾಭವೆಂದರೆ ಪಾಪದ ನೆರಳು ಎಂಬ ಭಾವನೆ ಅವರ ಮನದಲ್ಲಿ ಹೊಕ್ಕಿದೆ. ಹಾಗೇನಿಲ್ಲ. 'ಲಾಭ' ಶಬ್ದವು 'ಲಭ್' ಧಾತುವಿನಿಂದ ಬಂದದ್ದು. ದೊರೆಯುವುದು ಎಂದು ಅದರ ಅರ್ಥ. ಕಸಿಯುವುದಕ್ಕೆ 'ಹೃ' ಎಂಬ ಬೇರೆ ಧಾತುವೇ ಉಂಟು. 'ಅಪಹಾರ' ಹುಟ್ಟಿದ್ದು ಅದರಿಂದ. ಈ ಎರಡರ ಅಂತರವನ್ನು ನಮ್ಮ ತಿಕೋಟಾ ಸೀಮೆಯ ದ್ರಾಕ್ಷಿಯಲ್ಲಿಯೇ ನೋಡೋಣ.

ದ್ರಾಕ್ಷಿ ಬಹು ಸೂಕ್ಷ್ಮ ಫಲ. ಎಲ್ಲರ ತೋಟವೂ ಬೇಸಿಗೆಯ ಮುಖಕ್ಕೆ ಕೂಡಿಯೇ ಹಣ್ಣಾಗುತ್ತದೆ. ಇಟ್ಟು ಕಾಯುವಂತಿಲ್ಲ, ಕೇಳಿದವನ ಬೆಲೆಗೆ ಕೊಡಬೇಕು. ಅದಕ್ಕೆಂದೇ ಇಲ್ಲಿಯ ರೈತರು ಅದನ್ನು ಒಣಗಿಸಿ ಮಣೂಕ ಮಾಡುತ್ತಾರೆ. ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಗೊಂಚಲನ್ನು ಅದ್ದಿದರೆ ಸಿಪ್ಪೆಯ ಮೇಲಿನ ಮೇಣದ ಪದರು ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ. ಆಮೇಲೆ ಶೆಡ್ಡಿನ ನೆರಳಿನಲ್ಲಿ, ಬಲೆಯ ಅಂತಸ್ತುಗಳ ಮೇಲೆ, ಸುಮಾರು ೧೫ ದಿನ.

ಆ ಕಡೆಯ ತರುಣನೊಬ್ಬನು ಸಾಲ ಮಾಡಿ ಇಂಥ ಶೆಡ್ಡು ಕಟ್ಟಿದ. ಬಾಡಿಗೆಗೆ ಕೊಡಬೇಕೆಂಬ ವಿಚಾರ. ಮೊದಲ ವರ್ಷ ಅರ್ಧವೂ ತುಂಬಲಿಲ್ಲ. "ಅಪ್ಪಾರ, ಬಾಡಿಗಿ ಇಳಿಸೀನಿ, ಆದರೂ ಬರವಲ್ಲರು" ಎಂದು ಕಣ್ಣಲ್ಲಿ ನೀರು ತಂದ. "ತಮ್ಮಾ, ಶೆಡ್ಡಿನ ಮಾತು ಎತ್ತಬೇಡ. ಎರಡೆಕರೆ ಮೂರೆಕರೆಯವರ ತೋಟದಲ್ಲಿ ಹೋಗಿ ಕೂಡು, ಅವರು ಆಡುವುದನ್ನು ಕೇಳು" ಎಂದೆವು. ಎಂಟು ದಿನ ಬಿಟ್ಟು ಬಂದ. ರೈತರಿಗೆ ಬಾಡಿಗೆಯ ಚಿಂತೆಯೇ ಇರಲಿಲ್ಲ! ಸುಮಾರು ೪ ಕಿಲೋ ಹಣ್ಣಿಗೆ ೧ ಕಿಲೋ ಮಣೂಕ ಇಳಿಯುತ್ತದೆ. ಹಣ್ಣಿನ ಸಿಹಿ ಕಡಿಮೆಯಾದರೆ ಇಳಿಯುವುದೂ ಕಡಿಮೆ. ಪರರ ಶೆಡ್ಡಿನಲ್ಲಿ ತೂಕ ಕಡಿಮೆ ಬಂದಾಗ ಹಣ್ಣಿನ ದೋಷವೋ ಕೈಯ ದೋಷವೋ ತಿಳಿಯುವ ಬಗೆ ಹೇಗೆ? ಅವರನ್ನು ಕಾಡಿದ್ದು ಆ ಸಂಶಯ. ತರುಣನು ಬಾಗಿಲಲ್ಲಿ ತಕ್ಕಡಿ ಇಟ್ಟ. ಒಳಗೆ ಹೋಗುವಾಗ, ಹೊರಗೆ ಬರುವಾಗ ಧನಿಯ ಕಣ್ಣೆದುರಿಗೇ ತೂಗಿದ. ಹಣ್ಣಿನ ಸಿಹಿ ಅಳೆದು ಚೀಟಿಯಲ್ಲಿ ಬರೆದುಕೊಟ್ಟ. ಅಂತಸ್ತಿಗೆ ಅವರವರ ಹೆಸರು ಕಟ್ಟಿದ. ಮರುವರ್ಷ ಮೊದಲಿನ ಬಾಡಿಗೆಗೇ ಜಾಗ ಸಾಲಲಿಲ್ಲ.

ಈ ಸಂಗತಿಯನ್ನು ಬಬಲೇಶ್ವರದಲ್ಲಿ ಹೇಳಿದಾಗ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಬರಗಾಲದಾಗ ಟ್ಯಾಂಕರಿನಿಂದ ತೋಟಕ್ಕ ನೀರು ಮಾರಾಂವನೂ ತೊಂದರೆ ನೀಗಸತಾನಲ್ರೀ ಅಪ್ಪಾರ?" ಪ್ರಶ್ನೆ ಸುಲಭದ್ದಲ್ಲ. ಆ ನೀರಿನಿಂದ ಎಷ್ಟೋ ಬಳ್ಳಿಗಳು ಉಳಿದಿವೆ, ಅದನ್ನು ಅಲ್ಲಗಳೆಯಲಾಗದು. ಆದರೆ ಶೆಡ್ಡಿನವನು ರೈತನ ಬೆಳೆ ಹೆಚ್ಚಲಿ ಎಂದು ಹಾರೈಸುತ್ತಾನೆ. ಟ್ಯಾಂಕರಿನವನ ಗಳಿಕೆ ಬಾವಿ ಬತ್ತಿದಷ್ಟೂ ಏರುತ್ತದೆ. ತನ್ನ ಗಿರಾಕಿಯ ಕಷ್ಟ ತೀರಬಾರದೆಂದು ಮನಸ್ಸು ಒಳಗೊಳಗೆ ಬಯಸತೊಡಗಿದರೆ, ಅಲ್ಲಿ ಧಾತು ಬದಲಾಯಿತು.

ಬಡ್ಡಿಯ ವ್ಯವಹಾರವೂ ಹೀಗೆಯೇ. ಫ. ಗು. ಹಳಕಟ್ಟಿಯವರನ್ನು ವಚನಗಳನ್ನು ಉಳಿಸಿಕೊಟ್ಟವರೆಂದು ನೆನೆಯುತ್ತೇವೆ. ವಕೀಲರಾಗಿದ್ದ ಅವರೇ ೧೯೧೨ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸಿದರು ಎಂಬುದನ್ನು ಮರೆಯುತ್ತೇವೆ. ಬ್ಯಾಂಕೂ ಬಡ್ಡಿ ತೆಗೆದುಕೊಳ್ಳುತ್ತದೆ, ಧರ್ಮಛತ್ರವಲ್ಲ. ಆದರೆ ಹೊಲದ ಮೇಲೆ ಕಣ್ಣಿಟ್ಟ ಸಾಹುಕಾರನಿಗೆ ಸಾಲ ತೀರದಿರುವುದೇ ಅನುಕೂಲ. ಸಹಕಾರಿ ಬ್ಯಾಂಕಿಗೆ ಸಾಲ ತೀರಿದರೇ ಉಳಿವು. ಸಾಲ ಪಡೆಯುವ ಸದಸ್ಯನೇ ಅಲ್ಲಿ ಪಾಲುದಾರನೂ ಆಗಿರುತ್ತಾನೆ.

ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹರಿದ ಮೇಲೆ ಟ್ಯಾಂಕರಿನವನೊಬ್ಬನು ನಮ್ಮಲ್ಲಿಗೆ ಬಂದಿದ್ದ. "ಇನ್ನ ನನ್ನ ಗಾಡಿಗಿ ಏನು ಕೆಲಸ ಐತ್ರಿ?" ಎಂದ. "ನೀರು ಬಂದ ಊರಿನವರಿಗೆ ಈಗ ಯಾವುದು ತೊಂದರೆಯಾಗಿದೆ?" ಎಂದು ನಾವು ಮರಳಿ ಕೇಳಿದೆವು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, "ಬೆಳದದ್ದು ಪ್ಯಾಟಿಗಿ ಒಯ್ಯೂದು" ಎಂದ. ಪ್ರಸಾದ ತೆಗೆದುಕೊಂಡು ಹೋದ.