ಹೊಳೆ ಸೋಸುವ ಬಳಚು

ಇಳಿತದ ಹೊತ್ತಿಗೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಹೋದರೆ ಸೊಂಟಮಟ್ಟ ನೀರಲ್ಲಿ ನಿಂತ ಹೆಂಗಸರು ಕಾಣುತ್ತಾರೆ. ಕಾಲ್ಬೆರಳಲ್ಲೇ ಕೆಸರು ತಡವುತ್ತಾರೆ. ಗಟ್ಟಿಯಾದದ್ದೇನೋ ತಾಗಿದರೆ ಬಗ್ಗಿ, ಕೆಲವೊಮ್ಮೆ ಮುಳುಗಿ ಎತ್ತುತ್ತಾರೆ. ಅದೇ ಬಳಚು. ಚಿಪ್ಪೆಕಲ್ಲು ಅಂದರೂ ನಡೆದೀತು. ಭರತ ಏರುವುದರೊಳಗೆ ಬುಟ್ಟಿ ತುಂಬಬೇಕು. ಮನೆಗೆ ತಂದು ಉಪ್ಪುನೀರಲ್ಲಿ ಇಟ್ಟರೆ ಮರಳು ಕಾರುತ್ತದೆ. ಆಮೇಲೆ ಕಾಯಿತುರಿ ಹಾಕಿ ಸುಕ್ಕ. ಖಾಲಿ ಚಿಪ್ಪು ಸುಟ್ಟರೆ ಸುಣ್ಣ.

ಒಳಚರಂಡಿಯ ಮಾತಿಗೆ ಬಳಚಿನಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಊಟ ಹುಡುಕಿಕೊಂಡು ಅಲೆಯುವ ಜೀವಿ ಇದಲ್ಲ. ಕೆಸರಲ್ಲಿ ಹುದುಗಿಕೊಂಡೇ ಒಂದು ನಳಿಗೆಯಿಂದ ನೀರೆಳೆದು, ಕಿವಿರಿನಲ್ಲಿ ಪಾಚಿಯ ಕಣಗಳನ್ನು ಹಿಡಿದಿಟ್ಟು, ಇನ್ನೊಂದರಿಂದ ನೀರನ್ನು ಹೊರಬಿಡುತ್ತದೆ. ಅಮೆರಿಕದ ಚೆಸಾಪೀಕ್ ಕೊಲ್ಲಿಯಲ್ಲಿ ಇದರ ದಾಯಾದಿ ಆಯ್ಸ್ಟರ್ ಒಂದೊಂದೂ ದಿನಕ್ಕೆ 190 ಲೀಟರ್‌ವರೆಗೆ ನೀರು ಸೋಸಬಲ್ಲದು ಎಂಬ ಲೆಕ್ಕವಿದೆ. ಕರೆಂಟ್ ಬಿಲ್ ಇಲ್ಲದ ಶುದ್ಧೀಕರಣ ಘಟಕ! ಆದರೆ ಕೊಳಚೆಯಲ್ಲಿ ಬಂದ ರೋಗಾಣುವೂ ಅದೇ ಕಿವಿರಿಗೆ ಸಿಕ್ಕಿ ಮಾಂಸದಲ್ಲಿ ಉಳಿಯುತ್ತದೆ. ಹಾಗಾಗಿಯೇ ಯುರೋಪಿನಲ್ಲಿ ಚಿಪ್ಪಿನ ಮಾಂಸದ 100 ಗ್ರಾಮಿಗೆ ಎಷ್ಟು ಇ-ಕೊಲೈ ಬ್ಯಾಕ್ಟೀರಿಯಾ ಎಂದು ಎಣಿಸಿ ಅಳಿವೆಗಳಿಗೆ ದರ್ಜೆ ಕೊಡುತ್ತಾರೆ. ದರ್ಜೆ ಇಳಿದರೆ ಶುದ್ಧ ನೀರಲ್ಲಿಟ್ಟು ತೊಳೆಯದೆ ಜೀವಂತ ಮಾರುವಂತಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯವರ ಅಧ್ಯಯನವೊಂದರ ಪ್ರಕಾರ ಅಘನಾಶಿನಿ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪು ಸಿಗುತ್ತಿತ್ತು. 2,300ಕ್ಕೂ ಹೆಚ್ಚು ಜನರಿಗೆ ಅದೇ ದುಡಿಮೆಯಾಗಿತ್ತು. ಅಘನಾಶಿನಿಗೆ ಅಣೆಕಟ್ಟಿಲ್ಲ. ಅಳಿವೆ ದಡದ ತದಡಿಗೆ ಬರಬೇಕಿದ್ದ ಉಷ್ಣವಿದ್ಯುತ್ ಸ್ಥಾವರವೂ ಬರಲಿಲ್ಲ. 2024ರಲ್ಲಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ಪಕ್ಕದ ಹೊನ್ನಾವರದ ಶರಾವತಿಯದ್ದು ಬೇರೆ ಕಥೆ. ಅದಕ್ಕೆ 1964ರ ಲಿಂಗನಮಕ್ಕಿ ಅಣೆಕಟ್ಟು, ಆಮೇಲೆ ಗೇರುಸೊಪ್ಪೆಯದು. ವಿದ್ಯುದಾಗಾರದಿಂದ ಸದಾ ಹರಿದು ಬರುವ ಸಿಹಿನೀರಿಗೆ ಅಳಿವೆಯ ಉಪ್ಪು ಇಳಿಯಿತು, ಬಳಚೂ ಕಮ್ಮಿಯಾಯಿತು. ಶುದ್ಧ ನೀರೇ ಹೊಳೆಯ ಬದುಕನ್ನು ಕೆಡಿಸಿತು ಅಂದರೆ ನಂಬುವುದು ಕಷ್ಟ.

ಇನ್ನು ಕೊಳಚೆಯ ಮಾತಿಗೆ ಬಂದರೆ, ಇದೇ ಕರಾವಳಿಯ ಭಟ್ಕಳದಲ್ಲಿ ಒಳಚರಂಡಿ ಇದೆ, ನೆಮ್ಮದಿ ಇಲ್ಲ. ಗೌಸಿಯಾ ಬೀದಿಯ ಪಂಪಿಂಗ್ ಸ್ಟೇಷನ್‌ನಿಂದ ಉಕ್ಕಿದ ಕೊಳಚೆ ಶರಾಬಿ ಹೊಳೆಗೆ ಸೇರುತ್ತದೆ, ಬಾವಿಗಳು ಹಾಳಾಗಿವೆ ಎಂಬುದು ಅಲ್ಲಿಯವರ ಹಳೆಯ ದೂರು. ಎತ್ತರ ತಗ್ಗಿನ ಕರಾವಳಿ ಪೇಟೆಯಲ್ಲಿ ಕೊಳಚೆ ತಾನಾಗಿ ಹರಿದುಹೋಗುವುದಿಲ್ಲ, ಪಂಪ್ ಮಾಡಿ ಎತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಅದು ತಗ್ಗು ಹುಡುಕಿಕೊಂಡು ಹೋಗುತ್ತದೆ. ಒಳಚರಂಡಿ ಇಲ್ಲದ ಕಡೆ ಮನೆ ಹಿಂದೆ ಇಂಗುಗುಂಡಿ, ಮುಂದೆ ಬಾವಿ. ಎರಡರ ನಡುವೆ 18 ಮೀಟರ್ ಅಂತರ ಬೇಕೆನ್ನುತ್ತದೆ ಭಾರತೀಯ ಮಾನಕ. ಕೇರಿಯ ಸಣ್ಣ ಜಾಗಗಳಲ್ಲಿ ಅಷ್ಟು ಅಂಗಳ ಯಾರಿಗಿದೆ?

ಶುದ್ಧೀಕರಣ ಘಟಕ ಮಾಡುವುದೂ ಹೆಚ್ಚುಕಡಿಮೆ ಹೊಳೆಯ ಕೆಲಸವೇ: ಕಸ ತಡೆದು, ಗಾಳಿ ಊದಿ ಬ್ಯಾಕ್ಟೀರಿಯಾಕ್ಕೆ ಕೊಳೆ ತಿನ್ನಿಸಿ, ಗಸಿ ಇಳಿಸಿ, ಕ್ಲೋರಿನ್ ಹಾಕಿ ಬಿಡುವುದು. 2017ರ ಕೇಂದ್ರದ ನಿಯಮದಂತೆ ಹೊರಬಿಡುವ ನೀರಿನ 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿಫಾರ್ಮ್ 1,000 ಮೀರಬಾರದು. ಕಟ್ಟುವುದಕ್ಕೆ ದುಡ್ಡು ಸಿಗುತ್ತದೆ, ದಿನವೂ ನಡೆಸುವುದಕ್ಕೆ ಸಿಗುವುದು ಕಷ್ಟ.

ಅಘನಾಶಿನಿಯ ಒಂದು ಮೂಲವಾದ ಶಂಕರಹೊಂಡ ಇರುವುದು ಶಿರಸಿ ಪೇಟೆಯಲ್ಲೇ. ಘಟ್ಟದ ಮೇಲಿನ ಪೇಟೆ ಬಿಟ್ಟದ್ದನ್ನು ಕೆಳಗೆ ಅಳಿವೆಯ ಹೆಂಗಸರು ಬುಟ್ಟಿಯಲ್ಲಿ ಎತ್ತಬೇಕಾದೀತು. ಮುಂದಿನ ಒಳಚರಂಡಿ ಯೋಜನೆಗೆ ಕಡತ ತೆರೆಯುವ ಪುರಸಭೆ, ನಗರಸಭೆಗಳು ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ ನೀರಿನ ಜೊತೆಗೆ ಬಳಚಿನ ಮಾಂಸವನ್ನೂ ತಿಂಗಳಿಗೊಮ್ಮೆ ಪರೀಕ್ಷಿಸಲಿ, ಫಲಿತಾಂಶವನ್ನು ಕುಮಟಾ ಮೀನುಪೇಟೆಯಲ್ಲೇ ಬೋರ್ಡು ಹಾಕಿ ತೋರಿಸಲಿ.